ಒಂದು ವಿಡಿಯೊ, ಮೂರು ಮಾತು: ಫಾರ್ವರ್ಡ್ ಬಂದರೆ ಪರೀಕ್ಷಿಸುವುದು ಹೇಗೆ?

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಹತ್ತಿರದ ತುಂಗಭದ್ರಾ ಅಣೆಕಟ್ಟಿನಲ್ಲಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಮರುದಿನ ನಮ್ಮ ಮನೆಯವರ ವಾಟ್ಸ್ಯಾಪ್ ಗ್ರೂಪಿಗೆ ದೊಡ್ಡಪ್ಪ ಒಂದು ವಿಡಿಯೊ ಹಾಕಿದರು. ಕೆಳಗೆ ‘ಟಿ.ಬಿ. ಡ್ಯಾಂ ಒಡೆದಿದೆ, ಎಲ್ಲರಿಗೂ ತಿಳಿಸಿ’ ಅಂತ ಬರೆದಿತ್ತು. ಚಿಕ್ಕಪ್ಪನ ಮಗ ಅರ್ಧ ಗಂಟೆ ಹುಡುಕಿ, ಅದು ಆಂಧ್ರದ ಶ್ರೀಶೈಲ ಅಣೆಕಟ್ಟಿನ ಹಳೇ ವಿಡಿಯೊ ಅಂತ ಕಂಡುಹಿಡಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ‘ಎಲ್ಲಾ ಸುಳ್ಳು, ಏನೂ ಆಗಿಲ್ಲ’ ಅಂತ ಬರೆದುಬಿಟ್ಟ.

ದೊಡ್ಡಪ್ಪ ಸುದ್ದಿ ನಿಜ ಅಂತ ವಿಡಿಯೊವನ್ನೂ ನಂಬಿದರು. ಇವನು ವಿಡಿಯೊ ಬೇರೆಯದು ಅಂತ ಸುದ್ದಿಯನ್ನೂ ತಳ್ಳಿಹಾಕಿದ. ನಾನು ನೋಡಿದ ಮಟ್ಟಿಗೆ ಹತ್ತರಲ್ಲಿ ಎಂಟು ಜನ ಎಡವುವುದು ಇಲ್ಲೇ.

ಮೊದಲು: ಕೈ ತಡೆಯಿರಿ

ಹತ್ತು ನಿಮಿಷ ಯಾರಿಗೂ ಕಳಿಸಬೇಡಿ. ನೀವು ನದಿ ದಡದಲ್ಲೇ ಇದ್ದರೆ ಮಾತ್ರ ಪರೀಕ್ಷೆ ಗಿರೀಕ್ಷೆ ಬಿಟ್ಟು 1077ಕ್ಕೆ ಫೋನ್ ಮಾಡಿ. ಅದು ಜಿಲ್ಲೆಯ ವಿಪತ್ತು ಸಹಾಯವಾಣಿ.

ಎರಡನೆಯದು: ಮಾತನ್ನು ಬಿಡಿಸಿ ಬರೆಯಿರಿ

ಇದೇ ಕಷ್ಟದ ಹಂತ. ಒಂದು ಚೀಟಿ ತೆಗೆದುಕೊಳ್ಳಿ. ಮನಸ್ಸಿನಲ್ಲೇ ಮಾಡುತ್ತೇನೆ ಅನ್ನಬೇಡಿ, ಆಗೋದಿಲ್ಲ. ಬಂದ ಸಂದೇಶದಲ್ಲಿ ಎಷ್ಟು ಮಾತುಗಳಿವೆಯೋ ಅಷ್ಟು ಸಾಲು ಬರೆಯಿರಿ. ದೊಡ್ಡಪ್ಪನ ಫಾರ್ವರ್ಡ್ ಬಿಡಿಸಿದರೆ ಹೀಗಾಗುತ್ತದೆ:

ಒಂದು, ತುಂಗಭದ್ರಾ ಅಣೆಕಟ್ಟಿನಲ್ಲಿ ಏನೋ ಅವಘಡ ಆಗಿದೆ. ಎರಡು, ಅಣೆಕಟ್ಟು ಒಡೆದಿದೆ. ಮೂರು, ಈ ವಿಡಿಯೊ ಅಲ್ಲಿಯದೇ.

ಮೊದಲನೆಯದು ನಿಜ. ಎರಡನೆಯದು ಸುಳ್ಳು. 33 ಗೇಟುಗಳಲ್ಲಿ ಒಂದು ಹೋಗುವುದಕ್ಕೂ ಅಣೆಕಟ್ಟು ಒಡೆಯುವುದಕ್ಕೂ ಅಜಗಜಾಂತರ. ಮೂರನೆಯದೂ ಸುಳ್ಳು. ಹೀಗೆ ಬರೆದಿಟ್ಟುಕೊಂಡರೆ ಜಗಳಕ್ಕೆ ಜಾಗವೇ ಇಲ್ಲ, ಅಲ್ವಾ?

‘ಒಡೆದಿದೆ’ ಥರದ ಕ್ರಿಯಾಪದಗಳ ಮೇಲೆ ಕಣ್ಣಿಡಿ. ಗೇಟ್ ತೆರೆದರು, ಗೇಟ್ ಮುರಿಯಿತು, ಡ್ಯಾಂ ಒಡೆಯಿತು: ಒಂದು ಕೈಯಿಂದ ಇನ್ನೊಂದಕ್ಕೆ ದಾಟುವಾಗ ಇವು ಸಲೀಸಾಗಿ ಬದಲಾಗುತ್ತವೆ. ಅವತ್ತು ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದಿದ್ದರು. ಹಾಗಾಗಿ ಅಲ್ಲಿಯದೇ ಅಸಲಿ ವಿಡಿಯೊ ಸಿಕ್ಕಿ, ಅದರಲ್ಲಿ ಸಾಲು ಸಾಲು ಗೇಟುಗಳಿಂದ ನೀರು ಧುಮುಕುತ್ತಿದ್ದರೂ ಅಣೆಕಟ್ಟು ಒಡೆದಿದ್ದಕ್ಕೆ ಅದು ಸಾಕ್ಷಿಯಲ್ಲ.

ನಡೆಯದ ಘಟನೆಗೂ ವಿಡಿಯೊ ಹುಟ್ಟಿಕೊಳ್ಳುತ್ತದೆ. 2018ರಲ್ಲಿ ಊರೂರಿಗೆ ಹರಿದ ‘ಮಕ್ಕಳ ಕಳ್ಳರು’ ವಿಡಿಯೊ ನೆನಪಿದೆಯಾ? ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಮಾಡಿದ ಜಾಹೀರಾತು. ಕೊನೆಯಲ್ಲಿ ಅವರೇ ಮಗುವನ್ನು ವಾಪಸ್ ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿ ಹರಿಬಿಟ್ಟರು. ‘ಕಣ್ಣಾರೆ ನೋಡಿದ್ದೇನೆ, ಸುಳ್ಳು ಹೇಗಾಗುತ್ತೆ?’ ಅಂತ ಕೇಳಿದವರಿದ್ದಾರೆ. ಕಣ್ಣು ಸುಳ್ಳು ಹೇಳಲಿಲ್ಲ, ನೋಡಿದ್ದು ನಟನೆ. ನಮ್ಮೂರಲ್ಲಿ ನಡೆಯಿತು ಅನ್ನುವುದು ಸುಳ್ಳು. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದ ಗೆಳೆಯರ ಗುಂಪನ್ನು ಕಳ್ಳರೆಂದು ತಿಳಿದು ಜನ ಹೊಡೆದರು. ಹೈದರಾಬಾದಿನ ಒಬ್ಬ ಯುವಕ ಸತ್ತೇ ಹೋದ.

ಮೂರನೆಯದು: ಚಿತ್ರದ ಮೂಲ ಹುಡುಕಿ

ಎಲ್ಲರೂ ನೀರು ಉಕ್ಕುವ ಕ್ಷಣವನ್ನೇ ಸ್ಕ್ರೀನ್‌ಶಾಟ್ ತೆಗೆಯುತ್ತಾರೆ. ಚಿತ್ರ ಹಾಕಿದರೆ ಅದರಂಥವನ್ನು ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ನೊರೆ ನೀರೆಲ್ಲ ಒಂದೇ. ಬೋರ್ಡು, ಗಾಡಿಯ ನಂಬರು, ಬೆಟ್ಟದ ಸಾಲು, ಗೋಪುರ ಕಾಣುವ ಕಡೆ ನಿಲ್ಲಿಸಿ ತೆಗೆಯಿರಿ. ಮೇಲೆ ಅಂಟಿಸಿದ ಅಕ್ಷರಗಳನ್ನು ಕ್ರಾಪ್ ಮಾಡಿ, ಇಲ್ಲದಿದ್ದರೆ ಅದು ಚಿತ್ರ ಬಿಟ್ಟು ಅಕ್ಷರದ ಹಿಂದೆ ಹೋಗುತ್ತದೆ. ಒಂದು ಸ್ಕ್ರೀನ್‌ಶಾಟ್ ಸಾಲದು, ಮೂರ್ನಾಲ್ಕು ಹಾಕಿ ನೋಡಿ. ಚಿತ್ರ ಹುಡುಕಿಕೊಡುವ ಟಿನ್‌ಐ ಅನ್ನುವ ತಾಣದಲ್ಲಿ ಹಳೆಯದು ಮೊದಲು ಬರುವಂತೆ ಜೋಡಿಸಬಹುದು, ನನಗೆ ಅದೇ ಇಷ್ಟ. ಘಟನೆಗಿಂತ ಮುಂಚಿನ ತಾರೀಖಿನಲ್ಲಿ ಅದೇ ಚಿತ್ರ ಸಿಕ್ಕಿತೋ, ಕೆಲಸ ಮುಗಿಯಿತು. ಸಿಗದಿದ್ದರೆ ಹೊಸದು ಅಂತ ಅರ್ಥವಲ್ಲ. ಸಿಕ್ಕಿಲ್ಲ ಅಂತ ಮಾತ್ರ ಅರ್ಥ.

ನಂತರ ಶಬ್ದ ಪೂರ್ತಿ ಬಂದ್ ಮಾಡಿ ಒಮ್ಮೆ ನೋಡಿ. ಕಿರುಚಾಟ, ಕನ್ನಡದ ವಿವರಣೆ ಎಲ್ಲಾ ಆಮೇಲೆ ಸೇರಿಸಿದ್ದಿರಬಹುದು. ಶಬ್ದ ಹೋದರೆ ಎಷ್ಟೋ ವಿಡಿಯೊಗಳ ದಮ್ಮು ಹೋಗುತ್ತದೆ.

ಅಣೆಕಟ್ಟಾದರೆ ಗೇಟು ಎಣಿಸಿ. ತುಂಗಭದ್ರಾಕ್ಕೆ 33, ನಾಗಾರ್ಜುನಸಾಗರಕ್ಕೆ 26, ಶ್ರೀಶೈಲಕ್ಕೆ 12. ಪೂರ್ತಿ ಸಾಲು ಕಂಡರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಚಿಕ್ಕಪ್ಪನ ಮಗ ಹಿಡಿದದ್ದು ಹೀಗೇ.

ಫೋಟೊದೊಳಗಿನ ತಾರೀಖು, ಜಾಗ ತೋರಿಸುತ್ತೇವೆ ಅನ್ನುವ ಆ್ಯಪ್‌ಗಳನ್ನು ಹಾಕಿಕೊಳ್ಳಬೇಡಿ. ವಾಟ್ಸ್ಯಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊದಲ್ಲಿ ಆ ವಿವರ ಅಳಿಸಿಹೋಗಿರುತ್ತದೆ. ನಿಮಗೆ ಉಳಿಯುವುದು ಜಾಹೀರಾತು ಅಷ್ಟೇ. ಚಾಟ್‌ಬಾಟ್‌ಗೆ ‘ಇದು ನಿಜವಾ?’ ಅಂತ ಕೇಳುವ ಅಡ್ಡದಾರಿಯೂ ಬೇಡ. ಗೊತ್ತಿಲ್ಲದಿದ್ದರೂ ಗೊತ್ತಿದ್ದವರ ಥರ ಉತ್ತರ ಕೊಟ್ಟುಬಿಡುತ್ತದೆ. ತುಂಬಾ ಸಲ ಫಾರ್ವರ್ಡ್ ಆದದ್ದಕ್ಕೆ ವಾಟ್ಸ್ಯಾಪ್ ಹಾಕುವ ಎರಡು ಬಾಣದ ಗುರುತು ಕಂಡ ತಕ್ಷಣ ಸುಳ್ಳು ಅನ್ನುವವರೂ ಇದ್ದಾರೆ. ಸಂದೇಶ ಐದು ಕೈಗಿಂತ ಕಡಿಮೆ ದಾಟಿಲ್ಲ ಅಂತಷ್ಟೇ ಅದರ ಅರ್ಥ.

ನಾಲ್ಕನೆಯದು: ಸುದ್ದಿಯನ್ನು ಬೇರೆಯಾಗಿ ಹುಡುಕಿ

ಫಾರ್ವರ್ಡಿನ ಸಾಲನ್ನೇ ಹಾಕಿ ಹುಡುಕಿದರೆ ಅದೇ ಫಾರ್ವರ್ಡಿನ ನಕಲುಗಳು ಸಿಗುತ್ತವೆ. ‘ತುಂಗಭದ್ರಾ ಗೇಟ್ 19’ ಥರ ಹೆಸರು, ಜಾಗ, ಅಂಕಿ ಮಾತ್ರ ಹಾಕಿ. ಮೂರು ತಾಣಗಳಲ್ಲಿ ಬಂದಿದೆ ಅಂತ ಸಮಾಧಾನ ಪಡಬೇಡಿ. ಮೂರೂ ಒಂದೇ ಪೋಸ್ಟ್ ನೋಡಿ ಬರೆದಿದ್ದರೆ ಅದು ಒಂದೇ ಸಾಕ್ಷಿ. ಯಾವ ಅಧಿಕಾರಿ ಹೇಳಿದರು, ಎಲ್ಲಿ ಹೇಳಿದರು ಅನ್ನುವುದು ಸುದ್ದಿಯಲ್ಲಿದೆಯಾ ನೋಡಿ.

ಕೊನೆಗೆ: ಉತ್ತರ ಬರೆಯಿರಿ

ಚೀಟಿಯಲ್ಲಿ ಇದ್ದ ಹಾಗೇ ಬರೆಯಿರಿ. ‘19ನೇ ಗೇಟ್ ಹೋಗಿರುವುದು ನಿಜ ದೊಡ್ಡಪ್ಪ. ಡ್ಯಾಂ ಒಡೆದಿಲ್ಲ. ವಿಡಿಯೊ ಶ್ರೀಶೈಲದ್ದು.’ ಇಷ್ಟೇ ಸಾಕು. ನಗುವ ಇಮೋಜಿ ಬೇಡ, ಪಾಠ ಬೇಡ. ಗ್ರೂಪಿನಲ್ಲಿ ಎಲ್ಲರೆದುರು ಹಾಕುವ ಬದಲು ಮೊದಲು ಅವರೊಬ್ಬರಿಗೇ ಕಳಿಸಿ, ಅವರೇ ಅಳಿಸುತ್ತಾರೆ. ಅವತ್ತು ನಾನು ಹಾಗೇ ಮಾಡಿದೆ. ದೊಡ್ಡಪ್ಪ ವಿಡಿಯೊ ಅಳಿಸಿ, ‘ಮೊದಲೇ ಹೇಳೋದಲ್ವಾ, ಆಗಲೇ ಇನ್ನೆರಡು ಗ್ರೂಪಿಗೆ ಹಾಕಿಬಿಟ್ಟೆ’ ಅಂದರು.