ಫ್ಲೆಕ್ಸ್ ಬಿಡಿ, ಹಳೇ ಬಿಲ್ ಬುಕ್ ತೆಗೀರಿ: ಸಣ್ಣ ಸರ್ವಿಸ್ ಕೆಲಸದವರು ಪ್ರಚಾರ ಮಾಡೋದು ಹೇಗೆ

ನಾನು ತುಮಕೂರಲ್ಲಿ ಪ್ರಿಂಟಿಂಗ್ ಅಂಗಡಿ ಇಟ್ಕೊಂಡಿರೋನು, ಅಂದ್ರೆ ನೀವು ಪಾಂಪ್ಲೆಟ್ ಹೊಡೆಸಿದಷ್ಟೂ ನಂಗೇ ಲಾಭ. ಆದ್ರೂ ಹೇಳ್ತೀನಿ, ಹೊಡೆಸ್ಬೇಡಿ. ಪ್ರತಿ ವರ್ಷ ಶಿವರಾತ್ರಿ ಕಳೆದು ಬಿಸ್ಲು ಏರೋ ಹೊತ್ತಿಗೆ ಎಸಿ ರಿಪೇರಿಯವ್ರು, ಆರ್‌ಓ (ಕುಡಿಯೋ ನೀರು ಸೋಸೋ ಮಷಿನ್) ಫಿಲ್ಟರ್ ಸರ್ವಿಸ್‌ನವ್ರು, ಯುಪಿಎಸ್‌ನವ್ರು ಸಾಲಾಗಿ ಬಂದು "ಅಣ್ಣ ಒಂದ್ ಎರಡ್ ಸಾವಿರ ಹೊಡ್ಕೊಡಿ, ಅರ್ಜೆಂಟು" ಅಂತಾರೆ, ಪೇಪರ್ ಹುಡುಗ್ರ ಕೈಗೆ ಕೊಡ್ತಾರೆ, ಮೂರು ದಿನ ಫೋನ್ ಬರತ್ತೆ, ನಾಲ್ಕನೇ ದಿನ ಆ ಪಾಂಪ್ಲೆಟ್ ಮೇಲೆ ಬೋಂಡ ಇಟ್ಕೊಂಡು ನಾನೇ ತಿಂದಿದೀನಿ. ಮುಂದಿನ ವರ್ಷ ಮತ್ತೆ ಅದೇ. ಫ್ಲೆಕ್ಸ್ ಕಥೆ ಇನ್ನೂ ಕೆಟ್ಟದ್ದು. ರಾಜ್ಯದಲ್ಲಿ 2016ರ ಮಾರ್ಚ್‌ನಿಂದಲೇ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್ ಎಲ್ಲಾ ನಿಷೇಧ, ಆದ್ರೂ ಕದ್ದು ಮುಚ್ಚಿ ಕಟ್ಟೋದು, ಕಿತ್ಕೊಂಡ್ ಹೋದ್ರು ಅಂತ ಗೋಳಾಡೋದು.

ನನ್ನ ಭಾಮೈದ ಆರ್‌ಓ, ಯುಪಿಎಸ್ ಎರಡೂ ಸರ್ವಿಸ್ ಮಾಡ್ತಾನೆ. ಅವನ ಜೊತೆ ಕೂತು ಮಾಡಿ ನೋಡಿದ್ದನ್ನೇ ಇಲ್ಲಿ ಬರೀತಿರೋದು. ಬ್ಯೂಟಿ ಪಾರ್ಲರ್, ಟೈಲರ್, ಗಾಡಿ ಗ್ಯಾರೇಜು ಯಾರಿಗಾದ್ರೂ ಆಗತ್ತೆ.

ಮೊದಲ ಹೆಜ್ಜೆ ಪಟ್ಟಿ. ಎರಡು ವರ್ಷದ ಬಿಲ್ ಬುಕ್ ಕಾರ್ಬನ್ ಕಾಪಿ ತೆಗೀರಿ. ಬಿಲ್ಲೇ ಬರೀದೋರಿದ್ರೆ (ಅರ್ಧ ಜನ ಹಂಗೇ) ಫೋನ್‌ಪೇ, ಗೂಗಲ್‌ಪೇಲಿ ದುಡ್ಡು ಬಂದಿರೋ ಹಿಸ್ಟರಿ ನೋಡಿ, ಯಾರು ಯಾವ ದಿನ ಎಷ್ಟು ಕೊಟ್ರು ಎಲ್ಲಾ ಅದ್ರಲ್ಲಿ ಕೂತಿರತ್ತೆ. ಒಂದು ಉದ್ದನೇ ನೋಟ್‌ಬುಕ್ಕಲ್ಲಿ ಹೆಸ್ರು, ಏರಿಯಾ, ಮಾಡಿದ ಕೆಲ್ಸ, ತಾರೀಖು, ಮತ್ತೆ ಯಾವಾಗ ಬೇಕಾಗ್ಬೋದು, ಇಷ್ಟು ಬರ್ಕೊಳಿ. ಕಂಪ್ಯೂಟರ್‌ನಲ್ಲಿ ಮಾಡ್ತೀನಿ ಅಂದೋರು ಯಾರೂ ಎರಡನೇ ವಾರ ತೆಗ್ದಿದ್ದು ನಾನು ನೋಡಿಲ್ಲ.

ಎರಡನೇ ಹೆಜ್ಜೆ ಮೆಸೇಜು, ಎಲ್ರೂ ಮುಗ್ಗರಿಸೋದು ಇಲ್ಲೇ. ಪಟ್ಟಿ ಸಿಕ್ಕಿದ ಖುಷೀಲಿ ಏನ್ಮಾಡ್ತಾರೆ ಅಂದ್ರೆ, ಕೆಂಪು ಹಳದಿ ಅಕ್ಷರದ ಒಂದು ಇಮೇಜ್ ಮಾಡಿಸಿ "ಡಿಯರ್ ಕಸ್ಟಮರ್, ಬಂಪರ್ ಆಫರ್" ಅಂತ ರಾತ್ರಿ ಎಂಟು ಗಂಟೆಗೆ ಇನ್ನೂರು ಜನಕ್ಕೆ ಒಟ್ಟಿಗೆ ತಳ್ಬಿಡ್ತಾರೆ. ಆ ಹೊತ್ತಲ್ಲಿ ಮನೇಲಿ ಅಡುಗೆ, ಸೀರಿಯಲ್ಲು, ಮಕ್ಕಳ ಹೋಂವರ್ಕು. ಯಾರು ಓದ್ತಾರೆ? ಕೆಲವ್ರು ಬ್ಲಾಕ್ ಮಾಡ್ತಾರೆ, ಕೆಲವ್ರು ರಿಪೋರ್ಟ್ ಹೊಡೀತಾರೆ, ರಿಪೋರ್ಟ್ ಜಾಸ್ತಿ ಆದ್ರೆ ವಾಟ್ಸಾಪ್‌ನವ್ರು ನಂಬರನ್ನೇ ಬ್ಯಾನ್ ಮಾಡ್ತಾರೆ. ಅಂಗಡಿ ಬೋರ್ಡಲ್ಲಿ, ಬಿಲ್ಲಲ್ಲಿ ಎಲ್ಲಾ ಕಡೆ ಇರೋದು ಅದೇ ನಂಬರು. ಇನ್ನು ಒಂದೇ ಕ್ಲಿಕ್ಕಲ್ಲಿ ಹತ್ತು ಸಾವಿರ ಜನಕ್ಕೆ ಮೆಸೇಜ್ ಅಂತ ಸಾಫ್ಟ್‌ವೇರ್ ಮಾರ್ಕೊಂಡು ಬರ್ತಾರಲ್ಲ, ಅವ್ರನ್ನ ಬಾಗಿಲಲ್ಲೇ ಕಳಿಸ್ಬಿಡಿ.

ಭಾಮೈದ ಕಳ್ಸೋ ಮೆಸೇಜ್ ಹಿಂಗಿರತ್ತೆ: "ನಮಸ್ಕಾರ ಮೇಡಂ, ಆರ್‌ಓ ಸರ್ವಿಸ್‌ನವ್ನು. ಜೂನ್‌ನಲ್ಲಿ ನಿಮ್ಮನೆ ಫಿಲ್ಟರ್‌ಗೆ ಕ್ಯಾಂಡಲ್ ಹಾಕಿದ್ದೆ. ನೀರು ಬರೋದು ನಿಧಾನ ಆಗಿದ್ಯಾ? ಗುರುವಾರ ಶೆಟ್ಟಿಹಳ್ಳಿ ಕಡೆ ಬರ್ತಿದೀನಿ. ಚೆನ್ನಾಗಿ ಬರ್ತಿದ್ರೆ ಈಗ್ಲೇ ಬೇಡ, ಇನ್ನೊಂದ್ ತಿಂಗ್ಳು ಬಿಟ್ಟು ನೋಡೋಣ."

(ಕ್ಯಾಂಡಲ್ ಅಂದ್ರೆ ಮಷಿನ್ ಒಳಗೆ ಆಗಾಗ ಬದಲಾಯಿಸೋ ಫಿಲ್ಟರ್ ಕೊಳವೆ.) ನೋಡಿ, ಯಾರು ಅಂತ ಮೊದ್ಲೇ ಗೊತ್ತಾಯ್ತು. ಏನು ಮಾಡಿದ್ದೆ ಅನ್ನೋದನ್ನ ತಿಂಗಳ ಸಮೇತ ಹೇಳಿದ್ರಿಂದ ಇದು ಊರಿಗೆಲ್ಲಾ ಕಳ್ಸಿದ್ದಲ್ಲ, ನಮ್ಮನೆಗೇ ಕಳ್ಸಿದ್ದು ಅಂತ ಅವ್ರಿಗೆ ಅನ್ಸತ್ತೆ. ಪ್ರಶ್ನೆ ಒಂದೇ, ಅದೂ ಅಡುಗೆಮನೇಲಿ ನಿಂತೇ ಉತ್ತರ ಕೊಡೋ ಅಂಥದ್ದು. ನಲ್ಲಿ ತಿರುಗಿಸಿದ್ರೆ ಗೊತ್ತಾಗತ್ತೆ. "ಈಗ್ಲೇ ಬೇಡ" ಅನ್ನೋ ಸಾಲನ್ನ ಮಾತ್ರ ದಯವಿಟ್ಟು ತೆಗೀಬೇಡಿ. ಭಾಮೈದನೂ ಮೊದ್ಲು ತೆಗೆದಿದ್ದ, ಅದ್ಯಾಕೆ ಬಾವ ನಾವೇ ಬರೋ ಕೆಲ್ಸ ತಪ್ಪಿಸ್ಕೊಳೋದು ಅಂತ. ಅದು ಇಲ್ದಿದ್ದಾಗ ಜನ ಸುಮ್ಮನಾಗ್ತಿದ್ರು, ಉತ್ತರ ಕೊಟ್ರೆ ಬಂದ್ಬಿಡ್ತಾನೆ ಅನ್ನೋ ಭಯಕ್ಕೆ. ಸಾಲು ವಾಪಸ್ ಹಾಕಿದ್ಮೇಲೆ "ಇನ್ನೂ ಚೆನ್ನಾಗಿದೆಯಪ್ಪ, ದೀಪಾವಳಿ ಆದ್ಮೇಲೆ ಬಾ" ಅಂತ ಬರೀತಾರೆ. ಅದೂ ಕೆಲ್ಸಾನೇ, ನೋಟ್‌ಬುಕ್ಕಲ್ಲಿ ತಾರೀಖು ಬರ್ಕೊಂಡ್ರೆ ಆಯ್ತು.

ದಿನಕ್ಕೆ ಹತ್ತು ಜನ, ಜಾಸ್ತಿ ಬೇಡ. ಹತ್ತೂ ಜನ ಒಂದೇ ಕಡೆಯವ್ರಾಗಿರ್ಲಿ. ಸೋಮವಾರ ಮೆಸೇಜ್ ಹೋಗಿದ್ದು ಕ್ಯಾತ್ಸಂದ್ರ, ಬಟವಾಡಿಗೆ ಅಂದ್ರೆ ಗುರುವಾರ ಗಾಡಿ ಹೋಗೋದೂ ಅಲ್ಲಿಗೇ. ಮೊದ್ಲು ಇವ್ನು ಬೆಳಿಗ್ಗೆ ಊರುಕೆರೆ, ಮಧ್ಯಾಹ್ನ ಹೆಗ್ಗೆರೆ, ಮತ್ತೆ ಶಿರಾ ಗೇಟು ಅಂತ ಸುತ್ತಿ ಸುತ್ತಿ ದುಡಿದಿದ್ದನ್ನ ಪೆಟ್ರೋಲ್ ಬಂಕಲ್ಲಿ ಕೊಟ್ಟು ಬರ್ತಿದ್ದ. ಹೊತ್ತು ಬೆಳಿಗ್ಗೆ ಹನ್ನೊಂದರ ಮೇಲೆ, ತಿಂಡಿ ಮುಗ್ದು ಮನೆ ಸ್ವಲ್ಪ ತಣ್ಣಗಾಗಿರತ್ತೆ. ವಯಸ್ಸಾದೋರಿಗೆ ಮೆಸೇಜ್ ಬೇಡ, ಫೋನೇ ಮಾಡಿ, "ಅಮ್ಮ ಹೆಂಗಿದೀರಾ" ಅಂತ ಶುರು ಮಾಡಿ.

ಅಂದಹಾಗೆ ವಾಟ್ಸಾಪ್ ಬಿಸಿನೆಸ್ ಆ್ಯಪ್ ಫ್ರೀ, ಅದನ್ನೇ ಹಾಕ್ಕೊಳಿ, ಏರಿಯಾ ಪ್ರಕಾರ ಲೇಬಲ್ ಹಚ್ಚೋಕೆ ಬರತ್ತೆ. ಬ್ರಾಡ್‌ಕಾಸ್ಟ್ ಲಿಸ್ಟ್ (ಒಂದೇ ಮೆಸೇಜ್ ಒಟ್ಟಿಗೆ ಹಲವರಿಗೆ ಕಳ್ಸೋ ಪಟ್ಟಿ) ಮಾಡಿ ಕಳ್ಸಿದ್ರೆ ನಿಮ್ಮ ನಂಬರ್ ಸೇವ್ ಮಾಡ್ಕೊಂಡೋರಿಗೆ ಮಾತ್ರ ಹೋಗತ್ತೆ, ಉಳಿದೋರಿಗೆ ಹೋಗೋದೇ ಇಲ್ಲ. ನೂರು ಜನಕ್ಕೆ ಕಳ್ಸಿದೀನಿ ಒಬ್ರೂ ಉತ್ತರ ಕೊಟ್ಟಿಲ್ಲ ಅಂತ ಕೊರಗೋರಲ್ಲಿ ಅರ್ಧ ಜನಕ್ಕೆ ಇದೇ ಗೊತ್ತಿಲ್ಲ.

ಅದಕ್ಕೇ ಮೂರನೇ ಹೆಜ್ಜೆ: ಕೆಲ್ಸ ಮುಗ್ಸಿ ಎದ್ದೇಳೋ ಮುಂಚೆ ಅವ್ರ ಫೋನಲ್ಲಿ ನಂಬರ್ ಸೇವ್ ಮಾಡ್ಸಿ, ನಿಮ್ಮ ಹೆಸ್ರಷ್ಟೇ ಹಾಕ್ಸಬೇಡಿ. ಎಲ್ರ ಫೋನಲ್ಲೂ ನಾಲ್ಕೈದು ಮಂಜು ಇರ್ತಾರೆ. "ಆರ್‌ಓ ಮಂಜು" ಅಂತ ಕೆಲ್ಸ ಮೊದ್ಲು, ಹೆಸ್ರು ಆಮೇಲೆ. ಜೊತೆಗೆ ಮಷಿನ್‌ಗೆ ಒಂದು ಸ್ಟಿಕರ್. ಪೇಪರ್ ಸ್ಟಿಕರ್ ಅಡುಗೆಮನೆ ಹಬೆಗೆ ತಿಂಗಳಲ್ಲೇ ಸಿಪ್ಪೆ ಎದ್ದೋಗತ್ತೆ, ವಿನೈಲ್ ಹಾಕ್ಸಿ (ಅದೂ ಪ್ಲಾಸ್ಟಿಕ್ಕೇ, ಗೊತ್ತು, ಆದ್ರೆ ಅಂಗೈ ಅಗಲದ್ದು, ವರ್ಷಗಟ್ಟಲೆ ಇರತ್ತೆ). ಮಷಿನ್ ಮುಂದುಗಡೆ ಅಂಟಿಸಿದ್ರೆ ಮನೆಯವ್ರು ಕಿತ್ತಾಕ್ತಾರೆ, ಪಕ್ಕಕ್ಕೆ ಅಂಟಿಸಿ. ಮುಂದಿನ ಸರ್ವಿಸ್ ತಾರೀಖನ್ನ ಮಾರ್ಕರ್‌ನಲ್ಲಿ ಬರೀರಿ, ಬಾಲ್‌ಪೆನ್ ಇಂಕು ನಿಲ್ಲಲ್ಲ.

ಈಗ ಸ್ವಲ್ಪ ಜಗಳದ ವಿಷ್ಯ. ಕೆಲವ್ರು ಮನೆಗೆ ಬಂದು ನೀರಿನ ಲೋಟಕ್ಕೆ ಎರಡು ಕಡ್ಡಿ ಇಳಿಬಿಟ್ಟು ಕರೆಂಟ್ ಕೊಡ್ತಾರೆ, ನೀರು ಕೆಂಪಗೆ ಗಸಿ ಥರ ಆಗತ್ತೆ, "ನೋಡಿ ನೀವು ಇದನ್ನ ಕುಡೀತಿರೋದು" ಅಂತಾರೆ. ಆ ಬಣ್ಣ ನೀರಿನ ಕೊಳೆ ಅಲ್ಲ ಸ್ವಾಮಿ, ಕಡ್ಡೀಲಿರೋ ಕಬ್ಬಿಣ ಕರಗಿ ಬಂದಿರೋದು. ನೀರಲ್ಲಿ ಲವಣ ಇದ್ರೆ ಕರೆಂಟ್ ಹರಿಯತ್ತೆ, ಒಳ್ಳೇ ನೀರಲ್ಲೂ ಹಂಗೇ ಆಗತ್ತೆ. ಹಿಂಗೆ ಹೆದ್ರಿಸಿ ಮಾರಿದೋನಿಗೆ ಎರಡನೇ ಸಲ ಆ ಬೀದೀಲಿ ತಲೆ ಎತ್ಕೊಂಡು ಹೋಗೋಕಾಗಲ್ಲ. ಅದ್ರ ಬದ್ಲು ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಪ್ರಮಾಣ) ಮೀಟರ್ ಇಟ್ಟು ಅವ್ರ ಎದುರಿಗೇ ಅಳೆದು ತೋರ್ಸಿ. ಕುಡಿಯೋ ನೀರಿಗೆ ಬಿಐಎಸ್ (ಗುಣಮಟ್ಟ ನಿಗದಿ ಮಾಡೋ ಕೇಂದ್ರದ ಸಂಸ್ಥೆ) ಟಿಡಿಎಸ್‌ಗೆ ಹೇಳೋ ಮಿತಿ ಲೀಟರ್‌ಗೆ 500 ಮಿಲಿಗ್ರಾಂ. ಸಿಟಿ ಒಳಗೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರೋ ಮನೆ, ಮೀಟರ್ ಕಮ್ಮಿ ತೋರಿಸ್ತು ಅಂದ್ರೆ "ನಿಮಗೆ ಆರ್‌ಓ ಬೇಡ, ಯುವಿ (ಬೆಳಕಿನಿಂದ ಕ್ರಿಮಿ ಕೊಲ್ಲೋ ಫಿಲ್ಟರ್) ಸಾಕು, ಆರ್‌ಓಲಿ ಸುಮ್ನೆ ಎಷ್ಟೋ ನೀರು ಮೋರಿಗೆ ಹೋಗತ್ತೆ" ಅಂತ ಹೇಳ್ಬಿಡಿ. 2019ರಲ್ಲಿ ಹಸಿರು ನ್ಯಾಯಮಂಡಳಿನೂ ಟಿಡಿಎಸ್ 500ಕ್ಕಿಂತ ಕಮ್ಮಿ ಇರೋ ಕಡೆ ಆರ್‌ಓ ಬಳಕೆ ನಿಷೇಧಿಸಿ ಅಂತ ಕೇಂದ್ರಕ್ಕೆ ಹೇಳಿತ್ತು. ಆದ್ರೆ ಪಾವಗಡ ಕಡೆ ಬೋರ್‌ವೆಲ್ ನೀರಾದ್ರೆ ಮೀಟರ್ ನಂಬ್ಕೊಂಡು ಕೂರ್ಬೇಡಿ, ಟಿಡಿಎಸ್ ಮೀಟರ್‌ಗೆ ಫ್ಲೋರೈಡ್ ಬೇರೆಯಾಗಿ ಕಾಣಲ್ಲ, ಲ್ಯಾಬ್‌ನಲ್ಲಿ ಪರೀಕ್ಷೆ ಮಾಡ್ಸಿ ಅನ್ನಿ. ಭಾಮೈದ ಎಸ್‌ಎಸ್ ಪುರಂನಲ್ಲಿ ಒಂದು ಮನೆಗೆ ಮಷಿನ್ ಬೇಡ ಅಂದು ಬಂದ, ಆ ಮನೆ ಯಜಮಾನ್ರು ಮೇಷ್ಟ್ರು, ಅವ್ರ ಸ್ಟಾಫ್ ರೂಮಿಂದಾನೇ ಆಮೇಲೆ ಆರು ಮನೆ ಯುಪಿಎಸ್ ಕೆಲ್ಸ ಬಂತು.

ಗೂಗಲ್‌ನಲ್ಲಿ ಅಂಗಡಿ ಹಾಕೋದು ಸುಲಭ, ಬಿಸಿನೆಸ್ ಪ್ರೊಫೈಲ್ ಅಂತ ಹುಡ್ಕಿ ಅದು ಹೇಳ್ದಂಗೆ ಮಾಡ್ತಾ ಹೋಗಿ. ಮನೆಯಿಂದ ಕೆಲ್ಸ ಮಾಡೋರು ವಿಳಾಸ ಮರೆ ಮಾಡಿ, ಹೋಗೋ ಏರಿಯಾ ಮಾತ್ರ ಹಾಕ್ಬೋದು, 20ರವರೆಗೂ. ಹೆಸ್ರಿನ ಜಾಗದಲ್ಲಿ "ನಂಬರ್ ಒನ್ ಬೆಸ್ಟ್ ಆರ್‌ಓ ಸರ್ವಿಸ್ ತುಮಕೂರು" ಅಂತ ತುರುಕ್ಬೇಡಿ, ಬೋರ್ಡಲ್ಲಿ ಇರೋ ಹೆಸ್ರೇ ಇರ್ಲಿ, ಇಲ್ದಿದ್ರೆ ಪ್ರೊಫೈಲ್ ಸಸ್ಪೆಂಡ್ ಆಗ್ಬೋದು. ಗೂಗಲ್‌ನಿಂದ ಮಾತಾಡ್ತಿರೋದು, ಲಿಸ್ಟಿಂಗ್ ಉಳೀಬೇಕಂದ್ರೆ ಇಷ್ಟು ಕಟ್ಟಿ ಅಂತ ಫೋನ್ ಬಂದ್ರೆ ಇಟ್ಬಿಡಿ, ಅದಕ್ಕೆ ಒಂದ್ ಪೈಸೆನೂ ಇಲ್ಲ. ರಿವ್ಯೂ ಬರೆದ್ರೆ ಐವತ್ತು ರೂಪಾಯಿ ಬಿಡ್ತೀನಿ ಅನ್ನೋದೂ ಅವ್ರ ನಿಯಮಕ್ಕೆ ವಿರುದ್ಧ. ಹೊಸ ಕ್ಯಾಂಡಲ್ ಹಾಕಿ ಮೊದಲ ಲೋಟ ನೀರು ಅವ್ರ ಕೈಗೆ ಕೊಟ್ಟಾಗ ಕೇಳಿ, "ಏನಾಗಿತ್ತು, ಏನ್ ಮಾಡಿದ್ವಿ, ಎರಡು ಸಾಲು ಕನ್ನಡದಲ್ಲೇ ಬರೀರಿ" ಅಂತ. ಬರೀ ಐದು ಸ್ಟಾರ್‌ಗಿಂತ ಆ ಎರಡು ಸಾಲು ಓದಿ ಫೋನ್ ಮಾಡೋರೇ ಜಾಸ್ತಿ.

ಇಷ್ಟಾದ್ಮೇಲೆ ಭಾನುವಾರ ಸಂಜೆ ಅರ್ಧ ಗಂಟೆ ನೋಟ್‌ಬುಕ್ ತೆಗ್ದು ಮುಂದಿನ ವಾರದ ಹೆಸ್ರುಗಳಿಗೆ ಟಿಕ್ ಹಾಕಿ. ಎರಡು ಸಲ ಮೆಸೇಜ್ ಹೋಗಿ ಎರಡ್ಸಲವೂ ಉತ್ತರ ಬರ್ದಿದ್ರೆ ಆ ಹೆಸ್ರಿಗೆ ಗೀಟು ಎಳೆದ್ಬಿಡಿ, ಮೂರನೇದು ಕಳಿಸ್ಬೇಡಿ. ಮನೆ ಖಾಲಿ ಮಾಡಿರ್ತಾರೆ, ಇಲ್ಲಾ ಅವ್ರ ತಂಗಿ ಮಗನೇ ಫಿಲ್ಟರ್ ರಿಪೇರಿ ಕಲ್ತಿರ್ತಾನೆ.