ಹಾಲ್‌ನ ನಡುವೆ ದೀಪ ಬೇಡ ಅಂದೆ, ಎಲ್ಲರೂ ನಕ್ಕರು

ಹೊಸ ಮನೆಗೆ ಬಂದು ಎರಡು ವರ್ಷ ಆಯಿತು. ಹಾಲ್‌ನ ಸೀಲಿಂಗ್ ನಡುವೆ ಇವತ್ತಿಗೂ ಒಂದು ದೀಪ ಇಲ್ಲ. ರಾತ್ರಿ ಬಂದವರು ಮೊದಲು ಮೇಲೆ ನೋಡುತ್ತಾರೆ, ಆಮೇಲೆ ಸುತ್ತ ನೋಡುತ್ತಾರೆ, ಕೊನೆಗೆ "ಬೆಳಕು ಎಲ್ಲಿಂದ ಬರ್ತಿದೆ?" ಅಂತ ಕೇಳುತ್ತಾರೆ. ಈ ಪ್ರಶ್ನೆ ಕೇಳಿಸಿಕೊಳ್ಳೋಕೇ ಇಷ್ಟೆಲ್ಲ ಮಾಡಿದ್ದು ಅಂದರೂ ತಪ್ಪಿಲ್ಲ ಬಿಡಿ.

ಎಲೆಕ್ಟ್ರಿಷಿಯನ್ ಕೊಟ್ಟ ಮೊದಲ ಪ್ಲಾನ್‌ನಲ್ಲಿ 46 ಡೌನ್‌ಲೈಟ್ (ಸೀಲಿಂಗ್‌ನಿಂದ ನೇರ ಕೆಳಗೆ ಬೆಳಕು ಬಿಡುವ ದೀಪ) ಇದ್ದವು, ಎಲ್ಲಾ 12 ವ್ಯಾಟ್‌ನವು. ಹಾಲ್‌ಗೇ ಒಂಬತ್ತು, ಚದುರಂಗದ ಮನೆ ಹಾಗೆ ಸಾಲು ಸಾಲು. ಒಟ್ಟು 550 ವ್ಯಾಟ್. ಈಗ ನಮ್ಮ ಮನೆಯಲ್ಲಿ ಇರುವುದು 29 ಪಾಯಿಂಟ್, ಎಲ್ಲಾ ಒಟ್ಟಿಗೆ ಹಾಕಿದರೆ 210 ವ್ಯಾಟ್ ಆಸುಪಾಸು. ಎಲ್ಲಾ ಒಟ್ಟಿಗೆ ಯಾರೂ ಹಾಕಲ್ಲ, ಅದು ಬೇರೆ ಮಾತು. ರಾತ್ರಿ ಎಂಟಕ್ಕೆ ಲೆಕ್ಕ ಹಾಕಿದರೆ 50-60 ವ್ಯಾಟ್ ಉರಿಯುತ್ತಿರುತ್ತದೆ.

ಸ್ಲ್ಯಾಬ್ ಹಾಕುವಾಗ ಫ್ಯಾನ್ ಬಾಕ್ಸ್‌ಗಳು ಮತ್ತು ಮೂರೇ ಮೂರು ದೀಪದ ಪಾಯಿಂಟ್ ಸಾಕು ಅಂದೆ. ಜಗಳ ಶುರುವಾಗಿದ್ದು ಅಲ್ಲಿಂದ. "ಆಮೇಲೆ ಕತ್ತಲೆ ಅಂತ ನನ್ನನ್ನು ಬೈಬೇಡಿ" ಅಂದರು ಎಲೆಕ್ಟ್ರಿಷಿಯನ್. ಮನೆಯವರೂ ಅವರ ಪಕ್ಷ. ಸ್ಲ್ಯಾಬ್ ಆದಮೇಲೆ ಮನಸ್ಸು ಬದಲಾಯಿಸಿದರೆ ಮೇಲೆ ವೈರಿನ ಪಟ್ಟಿ ಎಳೆಯಬೇಕು, ಇಲ್ಲಾ ಫಾಲ್ಸ್ ಸೀಲಿಂಗ್‌ಗೆ ದುಡ್ಡು ಸುರಿಯಬೇಕು. ಗೊತ್ತಿದ್ದೇ ಹಠ ಹಿಡಿದೆ.

ನನ್ನ ಹತ್ತಿರ ಇದ್ದ ಉಪಕರಣ ಒಂದು ಕೋಲು. ತುದಿಗೆ ಹೋಲ್ಡರ್, ಅದರಲ್ಲಿ 9 ವ್ಯಾಟ್ ಎಲ್‌ಇಡಿ ಬಲ್ಬ್, ಹದಿನೈದು ಮೀಟರ್ ವೈರ್. ಗೋಡೆ ಎದ್ದಿದೆ, ಪ್ಲಾಸ್ಟರ್ ಆಗಿಲ್ಲ. ಕತ್ತಲಾದ ಮೇಲೆ ಹೋಗಿ ಒಬ್ಬರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಕೈಗೆ ಪೇಪರ್ ಕೊಡುವುದು, ನಾನು ಕೋಲು ಹಿಡಿದು ಗೋಡೆಗುಂಟ ನಡೆಯುವುದು. "ಇಲ್ಲಿ ಓದೋಕಾಗುತ್ತಾ? ಕಣ್ಣಿಗೆ ಹೊಡೀತಿದೆಯಾ?" ಸರಿ ಅಂದ ಕಡೆ ಸೀಮೆಸುಣ್ಣದ ಗುರುತು. ಇಷ್ಟೇ ವಿಧಾನ.

ಮೊದಲ ರಾತ್ರಿ ಪೂರ್ತಿ ದಂಡ. ಎಲ್ಲಿ ಹಿಡಿದರೂ ಮನೆ ಕತ್ತಲೆ ಕತ್ತಲೆ. ಅವರು ಹೇಳಿದ್ದೇ ನಿಜ ಅನ್ನಿಸಿ ಗೋಡೆಯ ಪಾಯಿಂಟ್‌ಗಳನ್ನು ಒಂದೂವರೆ ಪಟ್ಟು ಮಾಡಿಬಿಟ್ಟೆ. ಎರಡು ದಿನ ಬಿಟ್ಟು ಹೊಳೆಯಿತು, ಬೆಳಕನ್ನು ತಿನ್ನುತ್ತಿದ್ದದ್ದು ಬರೀ ಸಿಮೆಂಟು. ಬೂದು ಗೋಡೆ ಬಿದ್ದ ಬೆಳಕಿನಲ್ಲಿ ಮುಕ್ಕಾಲು ಪಾಲು ನುಂಗುತ್ತದೆ. ಒಳ್ಳೆ ಬಿಳಿ ಬಣ್ಣ ಸುಮಾರು 80 ಪರ್ಸೆಂಟ್ ವಾಪಸ್ ಕೊಡುತ್ತದೆ. ಮನೆಯಿಂದ ಹಳೆ ಬಿಳಿ ಬೆಡ್‌ಶೀಟ್ ನಾಲ್ಕು ತಂದು ಗೋಡೆಗೆ ಮೊಳೆ ಹೊಡೆದೆ. ಅದೇ ಬಲ್ಬ್, ಅದೇ ಕೋಲು, ಆದರೆ ಕುರ್ಚಿಯಲ್ಲಿದ್ದವರು ಸಣ್ಣ ಅಕ್ಷರ ಓದತೊಡಗಿದರು. ಹೆಚ್ಚು ಮಾಡಿದ್ದ ಪಾಯಿಂಟ್‌ಗಳನ್ನು ಮತ್ತೆ ಅಳಿಸಿದೆ. ಅದಕ್ಕೇ ಹೇಳುವುದು, ಬಣ್ಣ ಯಾವುದು ಅಂತ ತೀರ್ಮಾನ ಆಗುವ ಮೊದಲು ವಾಟ್ ಲೆಕ್ಕ ಹಾಕೋದು ಸುಮ್ನೆ. ಸೀಲಿಂಗ್ ಮ್ಯಾಟ್ ಬಿಳಿಯೇ ಇರಲಿ. ಗೋಡೆ ದೀಪದ ಬೆಳಕನ್ನು ಮೇಲಕ್ಕೆ ಹೊಡೆಸಿದರೆ ಇಡೀ ಸೀಲಿಂಗೇ ಒಂದು ದೊಡ್ಡ ದೀಪ ಆಗುತ್ತದೆ. ನಮ್ಮ ಹಾಲ್‌ನ ಗುಟ್ಟು ಅದೇ. ದೀಪವನ್ನು ಸೀಲಿಂಗ್‌ನಿಂದ ಎಷ್ಟು ಕೆಳಗೆ ಇಟ್ಟೆ, ಎಷ್ಟು ಓರೆ ಮಾಡಿದೆ ಅಂತ ತುಂಬಾ ಜನ ಕೇಳಿದ್ದಾರೆ. ನಾಲ್ಕು ರಾತ್ರಿ ಕೋಲು ಹಿಡಿದು ಕೈ ನೋಯಿಸಿಕೊಂಡು ಕಂಡುಕೊಂಡಿದ್ದು, ಅದನ್ನು ಮಾತ್ರ ಹೇಳಲ್ಲ. ಕೋಲು ನಿಮಗೂ ಸಿಗುತ್ತದೆ.

ಅಡುಗೆಮನೆಯಲ್ಲಿ ಎಲ್ಲರೂ ಮಾಡುವ ತಪ್ಪು ನಡುವೆ ದೀಪ ಹಾಕುವುದು. ಕಟ್ಟೆ ಮುಂದೆ ನಿಂತರೆ ದೀಪ ಬೆನ್ನ ಹಿಂದೆ, ನಮ್ಮ ನೆರಳೇ ಚಾಕುವಿನ ಮೇಲೆ. ಮೇಲಿನ ಕಪಾಟಿನ ಅಡಿಗೆ ಸ್ಟ್ರಿಪ್, ಅಂದರೆ ಎಲ್‌ಇಡಿ ಸಾಲಿನ ಪಟ್ಟಿ ಹಾಕಿದೆ. ಮೊದಲು ಗೋಡೆಗೆ ಅಂಟಿದ ಹಾಗೆ ಹಿಂದೆ ಹಾಕಿ ಕೆಟ್ಟೆ: ಟೈಲ್ಸ್ ಬೆಳಗಿತು, ಕಟ್ಟೆ ಬೆಳಗಲಿಲ್ಲ. ಕಪಾಟಿನ ಮುಂದಿನ ಅಂಚಿಗೆ ತಂದು ಒಳಗೆ ತಿರುಗಿಸಿದ ಮೇಲೆ ಸರಿಹೋಯಿತು. ಕಟ್ಟೆ ನುಣುಪು ಕಲ್ಲಾದ್ದರಿಂದ ಎಲ್‌ಇಡಿಯ ಒಂದೊಂದು ಚುಕ್ಕೆಯೂ ಅದರಲ್ಲಿ ಕಾಣುತ್ತಿತ್ತು. ಬೆಳಕನ್ನು ಹರಡುವ ಹಾಲಿನ ಬಣ್ಣದ ಮುಚ್ಚಳ (ಡಿಫ್ಯೂಸರ್) ಇರುವ ಪ್ರೊಫೈಲ್, ಅಂದರೆ ಸ್ಟ್ರಿಪ್ ಕೂರಿಸುವ ಪಟ್ಟಿ ತಂದು ಇನ್ನೊಂದು ಸಲ ದುಡ್ಡು ಕಳೆದೆ. ಬೆಳಕು ಅಳೆಯುವ ಫೋನ್‌ನ ಲಕ್ಸ್ ಮೀಟರ್‌ನಲ್ಲಿ ಕಟ್ಟೆ ಮೇಲೆ 400 ಚಿಲ್ಲರೆ ಲಕ್ಸ್ ತೋರಿಸುತ್ತದೆ. ಫೋನ್ ಮೀಟರನ್ನು ಪೂರ್ತಿ ನಂಬಬೇಡಿ, ಹೋಲಿಸಿ ನೋಡೋಕೆ ಮಾತ್ರ ಸಾಕು.

ಸ್ಟ್ರಿಪ್ ವಿಷಯಕ್ಕೆ ಬಂದರೆ ಹಾಲ್‌ನಲ್ಲೂ ಪೆಟ್ಟು ತಿಂದಿದ್ದೇನೆ. ಒಂಬತ್ತು ಮೀಟರ್ 12 ವೋಲ್ಟ್ ಸ್ಟ್ರಿಪ್‌ಗೆ ಒಂದೇ ತುದಿಯಿಂದ ಕರೆಂಟ್ ಕೊಟ್ಟೆ. ಶುರುವಿನಲ್ಲಿ ಜಗಮಗ, ಕೊನೆಗೆ ಬರುವಷ್ಟರಲ್ಲಿ ಸುಸ್ತು. ಎರಡೂ ತುದಿಯಿಂದ ಕೊಟ್ಟು ನೋಡಿದೆ, ನಡುವೆ ಮಂಕು. ಪೂರ್ತಿ ಕಿತ್ತು 24 ವೋಲ್ಟ್ ಹಾಕಿಸಿದೆ. ಆ ಒಂದು ತಪ್ಪಿಗೆ ಹೋದ ದುಡ್ಡಿನಲ್ಲಿ ಎರಡು ಒಳ್ಳೆ ಫ್ಯಾನ್ ಬರುತ್ತಿದ್ದವು. ಎಲ್‌ಇಡಿಗೆ ಬೇಕಾದ ಹಾಗೆ ಕರೆಂಟ್ ಬದಲಿಸಿ ಕೊಡುವ ಡ್ರೈವರ್‌ಗಳದು ಇನ್ನೊಂದು ಗೋಳು. ಮುಚ್ಚಿದ ಪೆಟ್ಟಿಗೆಯೊಳಗೆ ತುರುಕಿದ್ದೆವು, ಎಂಟು ಒಂಬತ್ತು ತಿಂಗಳಲ್ಲಿ ಮೂರು ಸತ್ತವು. ಎಲ್‌ಇಡಿಗಳಿಗೆ ಏನೂ ಆಗಿರಲಿಲ್ಲ, ಡ್ರೈವರ್‌ನೊಳಗಿನ ಕೆಪಾಸಿಟರ್ ಶಾಖಕ್ಕೆ ಹೋಗಿದ್ದು. ಈಗ ಎಲ್ಲವನ್ನೂ ಕೈಗೆ ಸಿಗುವ ಹಾಗೆ ಅಟ್ಟದ ಮೇಲೆ ಗಾಳಿಯಾಡುವ ಕಡೆ ಸಾಲಾಗಿ ಇಟ್ಟಿದ್ದೇನೆ. ಸತ್ತರೆ ಗೋಡೆ ಒಡೆಯೋ ಹಾಗಿಲ್ಲ.

ಸ್ಲ್ಯಾಬ್‌ನಲ್ಲಿ ಬಿಟ್ಟ ಮೂರು ಪಾಯಿಂಟ್‌ನಲ್ಲಿ ಒಂದು ಬೆಡ್‌ರೂಮಿನದು, ಸರಿಯಾಗಿ ಫ್ಯಾನ್ ರೆಕ್ಕೆ ತಿರುಗುವ ಜಾಗದ ಮೇಲೆ ಬಂತು. ಫ್ಯಾನ್ ಹಾಕಿದರೆ ಇಡೀ ರೂಮು ಪಟಪಟ ಮಿಟುಕುತ್ತದೆ. ಹತ್ತು ನಿಮಿಷಕ್ಕೆ ತಲೆನೋವು. ಆ ಪಾಯಿಂಟ್ ಈಗ ಪ್ಲಾಸ್ಟಿಕ್ ಮುಚ್ಚಳ ಹಾಕಿಕೊಂಡು ನನ್ನನ್ನೇ ನೋಡುತ್ತಿರುತ್ತದೆ. ಎಲೆಕ್ಟ್ರಿಷಿಯನ್‌ಗೆ ಇದನ್ನು ಹೇಳಿಲ್ಲ.

ಹಗಲು ಬೆಳಕಿನಲ್ಲಿ ಆದ ದೊಡ್ಡ ತಪ್ಪು ಪಶ್ಚಿಮದ ಕಿಟಕಿ. ಬೆಳಕು ಜಾಸ್ತಿ ಬರಲಿ ಅಂತ ಆರು ಅಡಿ ಅಗಲ ಮಾಡಿಸಿದೆ. ಸಂಜೆ ಸೂರ್ಯ ಕೆಳಗಿಳಿದಾಗ ಸಜ್ಜಾ ಎಷ್ಟು ಚಾಚಿದರೂ ಬಿಸಿಲು ನೇರ ಒಳಗೆ. ಮಧ್ಯಾಹ್ನ ಎರಡಕ್ಕೇ ಪರದೆ ಎಳೆಯುತ್ತಿದ್ದೆವು, ಪರದೆ ಎಳೆದರೆ ಕತ್ತಲೆ, ಹಾಗಾಗಿ ಹಗಲಲ್ಲೇ ದೀಪ, ಶಾಖಕ್ಕೆ ಫ್ಯಾನ್ ಐದರಲ್ಲಿ. ಬೆಳಕಿಗೆ ಅಂತ ಮಾಡಿದ ಕಿಟಕಿಯೇ ಕರೆಂಟ್ ತಿನ್ನುತ್ತಿತ್ತು. ಒಳಗೆ ಪರದೆ ಹಾಕಿದರೆ ಶಾಖ ಆಗಲೇ ಗಾಜು ದಾಟಿ ಬಂದಿರುತ್ತದೆ, ತಡೆಯೋದಾದರೆ ಹೊರಗೇ ತಡೆಯಬೇಕು. ಹೊರಗಡೆ ಸುತ್ತಿಡುವ ಚಾಪೆ ಕಟ್ಟಿಸಿದೆ. ಇಡೀ ಮನೆಯಲ್ಲಿ ಅತಿ ಅಗ್ಗದ ಕೆಲಸ ಅದು, ಅತಿ ಜಾಸ್ತಿ ಉಪಯೋಗವೂ ಅದರದ್ದೇ.

ಈ ಪೆಟ್ಟು ತಿಂದ ಮೇಲೆ ಉಳಿದ ಕಿಟಕಿಗಳಿಗೆ ರಟ್ಟಿನ ಮಾದರಿ ಮಾಡಿದೆ. ಇಪ್ಪತ್ತರಲ್ಲಿ ಒಂದು ಅಳತೆ, ಒಂದು ಬದಿಗೆ ಫೋನ್ ಕ್ಯಾಮೆರಾ ಹಿಡಿಯುವಷ್ಟು ತೂತು. ಬಿಸಿಲಲ್ಲಿಟ್ಟು ಗಂಟೆಗೊಂದು ಫೋಟೊ. ಮಕ್ಕಳು ಅದರೊಳಗೆ ಗೊಂಬೆ ಕೂರಿಸಿ ಹೋಗುತ್ತಿದ್ದರು, ಅದರಿಂದ ನೆರಳಿನ ಅಂದಾಜೂ ಸಿಕ್ಕಿತು! ಓದುವ ರೂಮಿನ ಕಿಟಕಿಯ ಮುಕ್ಕಾಲು ಎತ್ತರದಲ್ಲಿ ಒಂದು ಬಿಳಿ ಪಟ್ಟಿ ಅಡ್ಡ ಇಟ್ಟರೆ ಬೆಳಕು ಅದರ ಮೇಲೆ ಬಿದ್ದು ಸೀಲಿಂಗ್‌ಗೆ ಹೋಗಿ ಹಿಂದಿನ ಗೋಡೆಯವರೆಗೆ ಹರಡುವುದು ಫೋಟೊದಲ್ಲೇ ಕಂಡಿತು. ನಿಜವಾದ ರೂಮಿನಲ್ಲೂ ಹಲಗೆ ಹಾಕಿಸಿದೆ. ಈಗ ಸಂಜೆ ಐದರವರೆಗೆ ಅಲ್ಲಿ ಸ್ವಿಚ್ ಮುಟ್ಟುವುದಿಲ್ಲ. ಹಲಗೆ ಮೇಲಿನ ಧೂಳು ಒರೆಸಬೇಕು, ಅಷ್ಟೇ.

ತಾರಸಿಯಲ್ಲೂ ಒಂದು ಆಟ ಆಡಿದೆ. ಅರ್ಧಕ್ಕೆ ಮಾತ್ರ ಬಿಸಿಲು ವಾಪಸ್ ಹೊಡೆಯುವ ಬಿಳಿ ಬಣ್ಣ ಬಳಿಸಿ ಒಂದು ಬೇಸಿಗೆ ಬಿಟ್ಟೆ. ಮಧ್ಯಾಹ್ನ ಮೂರಕ್ಕೆ ಬಣ್ಣ ಇಲ್ಲದ ಕಡೆ ಸ್ಲ್ಯಾಬ್‌ನ ಅಡಿಭಾಗ 41-42 ಡಿಗ್ರಿ, ಬಣ್ಣದ ಕಡೆ 36ರ ಹತ್ತಿರ. ಮರುವಾರ ಉಳಿದರ್ಧಕ್ಕೂ ಬಳಿಸಿದೆ. ವರ್ಷಕ್ಕೆ ಎರಡು ಸಲ ತೊಳೆಯದಿದ್ದರೆ ಕೊಳೆ ಕೂತು ಆ ಲಾಭ ಇಳಿಯುತ್ತದೆ.

ಈಗ ಲೆಕ್ಕ. ನಿಜ ಹೇಳಬೇಕಂದರೆ ದೀಪದಿಂದ ಉಳಿದದ್ದಕ್ಕಿಂತ ಫ್ಯಾನ್‌ನಿಂದ ಉಳಿದದ್ದೇ ಜಾಸ್ತಿ. ಹಳೆಯ 75 ವ್ಯಾಟ್ ಫ್ಯಾನ್ ತೆಗೆದು ಕಡಿಮೆ ಕರೆಂಟ್ ತಿನ್ನುವ ಮೋಟರಿನ, 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಐದು ಹಾಕಿದೆ. ದಿನಕ್ಕೆ ಹತ್ತು ಗಂಟೆ ಅಂದರೆ ತಿಂಗಳಿಗೆ 65 ಯೂನಿಟ್ ಮೇಲೆ ಅಲ್ಲೇ ಉಳಿಯಿತು. ದೀಪಗಳೆಲ್ಲ ಸೇರಿ ತಿಂಗಳಿಗೆ 10 ಯೂನಿಟ್ ಕುಡಿಯುತ್ತವೆ, ಅಷ್ಟೇ. ಆದರೆ ದೀಪಕ್ಕೆ ಖರ್ಚು ಮಾಡುವಾಗಲೇ ಉಳಿದಿತ್ತು. ಕಡಿಮೆಯಾದ 17 ಪಾಯಿಂಟ್‌ಗಳ ಪೈಪು, ವೈರು, ಕೂಲಿ ಉಳಿಯಿತು, ಮೇಲಿಂದ ಫಾಲ್ಸ್ ಸೀಲಿಂಗ್ ಇಲ್ಲ. ಅದರಲ್ಲಿ ನನ್ನ ಪ್ರಯೋಗಗಳ ದಂಡ ಕಳೆದರೂ ಮೂರರಲ್ಲಿ ಒಂದು ಪಾಲು ಕೈಯಲ್ಲೇ ಇತ್ತು. ಬಲ್ಬ್ ಕೊಳ್ಳುವಾಗ ಮಾತ್ರ ಕಂಜೂಸ್ ಆಗಲಿಲ್ಲ. ಸಿಆರ್‌ಐ (ದೀಪದಡಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ, ನೂರಕ್ಕೆ ಕೊಡುವ ಅಂಕ) 90ರ ಮೇಲಿನದ್ದೇ ತಂದೆ. ಹಾಲ್, ಬೆಡ್‌ರೂಮಿಗೆ 2700-3000 ಕೆಲ್ವಿನ್‌ನ ಹಳದಿ ಛಾಯೆಯ ಬೆಳಕು, ಅಡುಗೆಮನೆಗೆ ಅದಕ್ಕಿಂತ ಬಿಳಿಯಾದ 4000. 6500ರ ಬಿಳಿ ದೀಪ ಒಂದೇ ಒಂದು ಉಳಿದಿದೆ, ಸ್ಟೋರ್ ರೂಮಿನಲ್ಲಿ.

ಬಾತ್‌ರೂಮಿಗೆ ಅಲುಗಾಟ ಕಂಡರೆ ದೀಪ ಹತ್ತಿಸುವ ಸೆನ್ಸರ್ ಹಾಕಿದ್ದೆ, ತಲೆಗೆ ಸೋಪು ಹಚ್ಚಿ ಕಣ್ಣು ಮುಚ್ಚಿ ನಿಂತವರನ್ನು ಅದು ಇಲ್ಲ ಅಂತಲೇ ತಿಳಿದುಕೊಳ್ಳುತ್ತದೆ. ಒಳಗಿಂದ ಕೂಗು ಕೇಳಿದ ಮೂರನೇ ದಿನ ಕಿತ್ತು ಮೆಟ್ಟಿಲ ಹತ್ತಿರ ಹಾಕಿದೆ. ಅಲ್ಲೂ ಪೂರ್ತಿ ಸರಿಹೋಗಿಲ್ಲ. ಹತ್ತುವಾಗ ಚೆನ್ನಾಗಿದೆ, ಇಳಿಯುವಾಗ ಬೆಳಕು ನೇರ ಕಣ್ಣಿಗೆ ಬಂದು ಕೊನೆ ಮೆಟ್ಟಿಲು ಕಾಣುವುದಿಲ್ಲ. ಹಾಗಾಗಿ ದೀಪವನ್ನು ಕಾಲಿನ ಗಿಣ್ಣಿನ ಎತ್ತರಕ್ಕೆ ಇಳಿಸಿ ಟೇಪ್ ಹಾಕಿ ಅಂಟಿಸಿದ್ದೇನೆ. ಒಂದು ವಾರ ಹೀಗೇ ನೋಡುತ್ತೇನೆ, ಆಮೇಲೆ ಗೋಡೆ ಕೊರೆಯುವ ಮಾತು.