ಕಳ್ಳದನಿಯಿಂದಲೇ ತಾರಸ್ಥಾಯಿ ಹಿಡಿಸಿದೆ

"ಪಾಠದಲ್ಲಿ ಕಳ್ಳದನಿ ಹೇಳಿಕೊಡ್ತೀಯಂತೆ?" ನನ್ನ ಜೊತೆ ಸಂಗೀತ ಕಲಿತವರೇ ಮೂರು ವರ್ಷ ಹೀಗೆ ಕೇಳಿದರು. ಕಳ್ಳದನಿ ಅಂದರೆ ಫಾಲ್ಸೆಟ್ಟೊ, ಗಂಡಸರು ಎತ್ತರದ ಸ್ವರಕ್ಕೆ ತೆಗೆಯುವ ತೆಳ್ಳನೆಯ ದನಿ. ಕಳೆದ ತಿಂಗಳು ನನ್ನ ಶಿಷ್ಯನೊಬ್ಬ ಒಂದೂವರೆ ಮನೆ ಶ್ರುತಿಯಲ್ಲಿ (C#) ಕಲ್ಯಾಣಿ ರಾಗ ಹಾಡುತ್ತ ತಾರ ಪಂಚಮದ, ಅಂದರೆ ಮೇಲಿನ ಸ್ಥಾಯಿಯ 'ಪ'ದ ಮೇಲೆ ಅಕಾರದಲ್ಲಿ ('ಆ' ಎನ್ನುತ್ತ) ತುಂಬಿಕೊಂಡು ನಿಂತ. ಹಾಗೆ ಕೇಳಿದವರಲ್ಲಿ ಇಬ್ಬರು ಮಾರನೇ ದಿನವೇ ಫೋನ್ ಮಾಡಿದರು. ಅದಕ್ಕೇ ಬರೆಯುತ್ತಿದ್ದೇನೆ.

ಗಂಡುಮಕ್ಕಳ ಪಾಡು ನಿಮಗೂ ಗೊತ್ತು. ಆ ಶ್ರುತಿಯಲ್ಲಿ ತಾರ ಷಡ್ಜ ಸಲೀಸು, ಅಂತರ ಗಾಂಧಾರದ ಹತ್ತಿರ ಗಂಟಲು ಬಿಗಿದು ದನಿ ಒಡೆಯುತ್ತದೆ. ತಾರಸ್ಥಾಯಿ ವರಸೆ (ಮೇಲಿನ ಸ್ವರಗಳ ಅಭ್ಯಾಸ) ಮಾಡಿಸಿ ಕೆಳಗಿನಿಂದ ತಳ್ಳುವುದು ರೂಢಿ. ನಾನು ಮೇಲಿನಿಂದ ಇಳಿಸಿದೆ. ತಾರ ಪಂಚಮವನ್ನು ಕಳ್ಳದನಿಯಲ್ಲಿ, ಊಕಾರದಲ್ಲಿ, ತೆಳ್ಳಗೆ ಹಿಡಿಸಿ, ಒಂದೊಂದೇ ಸ್ವರ ಜಾರಿಸುತ್ತ ಮಧ್ಯ ಪಂಚಮದವರೆಗೆ. ಕಳ್ಳದನಿಯಲ್ಲಿ ಧ್ವನಿತಂತುಗಳು ತೆಳುವಾಗಿ ಎಳೆದುಕೊಂಡು ಅಂಚಿನಲ್ಲಷ್ಟೇ ಕಂಪಿಸುತ್ತವೆ. ಆ ಹಗುರತನ ಕೆಳಗೂ ಬರಬೇಕು.

ಮೊದಲ ಪ್ರಯೋಗ ಪೂರ್ತಿ ಕೆಟ್ಟಿತು. ದಿನಾ ಮುಕ್ಕಾಲು ಗಂಟೆ ಮಾಡಿಸಿದೆ. ಆರೇ ವಾರದಲ್ಲಿ ಹುಡುಗ ಮೋಹನ ರಾಗದ ವರ್ಣದಲ್ಲಿ ಮೇಲೆ ಹೋದಾಗಲೆಲ್ಲ ತಾನಾಗಿ ಕಳ್ಳದನಿಗೆ ಹಾರತೊಡಗಿದ. ಸಂಗೀತದ ಸೀನಿಯರ್ ಪರೀಕ್ಷೆ ಬೇರೆ ಹತ್ತಿರ. "ಮೇಷ್ಟ್ರೇ, ಇದ್ದ ದನೀನೂ ಹೋಯ್ತಲ್ಲ" ಅಂತ ಅವರಪ್ಪ ಬಿಡಿಸಿಕೊಂಡು ಹೋದರು. ಅವನ ಹಿಂದೆ ಇನ್ನಿಬ್ಬರು. ತಿಂಗಳಿಗೆ 1,500ರಂತೆ ಆ ವರ್ಷ ಸುಮಾರು 50 ಸಾವಿರ ಕೈಬಿಟ್ಟಿತು. ಮತ್ತೊಬ್ಬನ ದನಿ ಕೂತಾಗ ಗಂಟಲು ಡಾಕ್ಟರ ಹತ್ತಿರ ನಾನೇ ಕರೆದೊಯ್ದು ಕ್ಯಾಮೆರಾ ಹಾಕಿ ನೋಡಿಸಿದೆ, 3 ಸಾವಿರ ಚಿಲ್ಲರೆ. ಗಂಟು ಇರಲಿಲ್ಲ, ಬರೀ ಊತ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಹತ್ತು ನಿಮಿಷ ಮೀರಿಸುವುದಿಲ್ಲ. ಕಳ್ಳದನಿಯಿಂದ ನಿಜದನಿಗೆ ಹಾರಲೂ ಬಿಡುವುದಿಲ್ಲ. ಒಂದೇ ಸ್ವರದ ಮೇಲೆ ನಿಲ್ಲಿಸಿ, ಒಂದೇ ಉಸಿರಿನಲ್ಲಿ, ಮೆಲ್ಲಗೆ ದಪ್ಪ ಮಾಡಿಸುತ್ತೇನೆ. ಇಟಲಿಯ ಗಾಯನ ಗುರು ಟೋಸಿ 1723ರಲ್ಲೇ ಗುರುಗಳಿಗೆ ಹೇಳಿದ್ದೂ ಇದನ್ನೇ: ಎದೆದನಿ, ಫಾಲ್ಸೆಟ್ಟೊ ಎರಡನ್ನೂ ಬೇರೆ ಬೇರೆ ಅಂತ ಗೊತ್ತಾಗದಂತೆ ಕೂಡಿಸಬೇಕು. ಊಕಾರ ಕೂಡಿದ ಮೇಲೆ ಓಕಾರ, ಅಕಾರ ಕಟ್ಟಕಡೆಗೆ. ಬೆಸುಗೆ ಯಾರಿಗೆ ಯಾವ ಸ್ವರದಲ್ಲಿ ಶುರುಮಾಡಬೇಕು ಅನ್ನುವುದಕ್ಕೆ ನನ್ನದೊಂದು ಗುರುತಿದೆ, ಅದನ್ನು ಎದುರು ಕೂತು ಕಲಿಯುವವರಿಗೆ ಮಾತ್ರ ಹೇಳುತ್ತೇನೆ.

ಹೆಣ್ಣುಮಕ್ಕಳ ಮೇಲೂ ನೋಡಿದೆ, ಅಷ್ಟು ಲಾಭವಿಲ್ಲ. ಅವರಿಗೆ ಲೋಟದ ನೀರಿನಲ್ಲಿ ಸ್ಟ್ರಾ ಅದ್ದಿ ಗುಂಯ್‌ಗುಟ್ಟಿಸಿದ್ದೇ ಚೆನ್ನಾಗಿ ಹತ್ತಿತು. ಯಕ್ಷಗಾನದ ಭಾಗವತಿಕೆ ಮಾಡಿ ಬಂದ ಹುಡುಗನೊಬ್ಬನಿಗೆ ಏರುದನಿಯಲ್ಲಿ ಒತ್ತಿ ಹಾಡುವ ಅಭ್ಯಾಸ. ಅದನ್ನು ಬಿಡಿಸುವುದಕ್ಕೇ ಉಳಿದವರ ಎರಡರಷ್ಟು ಕಾಲ ಹಿಡಿಯಿತು.

ಈ ಬದಲಾದ ಕ್ರಮದಲ್ಲಿ ಇದುವರೆಗೆ ಒಂಬತ್ತು ಹುಡುಗರಿಗೆ ಮಾಡಿಸಿದ್ದೇನೆ. ಏಳು ಜನ ನಾಲ್ಕರಿಂದ ಏಳು ತಿಂಗಳಲ್ಲಿ ತಾರ ಮಧ್ಯಮ ದಾಟಿದರು. ಇಬ್ಬರದು ಗಾಂಧಾರದಲ್ಲೇ ನಿಂತಿದೆ. ಅವರನ್ನು ಒಂದು ಮನೆ ಶ್ರುತಿಗೆ ಇಳಿಸಿ, ಹೋದ ವಾರದಿಂದ ಊಕಾರ ಮತ್ತೆ ಶುರುಮಾಡಿದ್ದೇನೆ.